ಬಗ್ಗಿ ನೋಡುವ ಕ್ಯಾಮೆರಾ

ಫೋಟೋ ತೆಗೆದ ಕೂಡಲೇ ಜನ ನನ್ನ ಹಿಂದೆ ಬಂದು ನಿಲ್ಲುತ್ತಾರೆ. ತೋರಿಸ್ರಿ ಎನ್ನುತ್ತಾರೆ. ನಾನು ಕ್ಯಾಮೆರಾ ತಿರುಗಿಸಿ ತೋರಿಸುತ್ತೇನೆ. ಅಲ್ಲಿ ಕರಿ ತೊಗಲು ಅಂಟಿಸಿದ ಒಂದು ತಗಡಿನ ಬಾಗಿಲು ಬಿಟ್ಟರೆ ಏನೂ ಇರುವುದಿಲ್ಲ. ಅವರು ಒಮ್ಮೆ ಕ್ಯಾಮೆರಾ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ, ವಯಸ್ಸಾದ ಹೆಂಗಸು, ಏನಾದರೂ ಅನ್ನುವುದು ಬೇಡ ಎಂದುಕೊಂಡು ಸುಮ್ಮನಾಗುತ್ತಾರೆ. ಒಳಗೆ ರೀಲು ಇದೆ, ಅದರ ಹನ್ನೆರಡು ಫೋಟೋಗಳೂ ಮುಗಿಯಬೇಕು, ಆಮೇಲೆ ತೊಳೆದು ಒಣಗಿಸಬೇಕು, ಬಂದರೆ ಬಂತು ಎಂದು ನಾನು ವಿವರಿಸಿ ಮುಗಿಸುವುದರೊಳಗೆ ಅವರು ಅದೇ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ನೆಂಟರಿಗೆಲ್ಲ ಕಳಿಸಿಯೂ ಆಗಿರುತ್ತದೆ.

ಇಂಥ ಕ್ಯಾಮೆರಾಗಳು ನನ್ನ ಹತ್ತಿರ ಒಂಬತ್ತಿವೆ. ನಾನು ಇಚಲಕರಂಜಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ನಮ್ಮವರಿಗೆ ಎಂಟು ಪವರ್‌ಲೂಮ್‌ಗಳಿವೆ. ಒಂಬತ್ತನೆಯ ಕ್ಯಾಮೆರಾ ಮನೆಗೆ ಬಂದ ದಿನ ನಮ್ಮವರು ಎರಡನ್ನೂ ಎಣಿಸಿ ನೋಡಿ, ಇನ್ನು ಮೇಲೆ ಯಾರಾದರೂ ಕೇಳಿದರೆ ಕ್ಯಾಮೆರಾ ನಮ್ಮ ಧಂದೆ, ಮಗ್ಗ ಹವ್ಯಾಸ ಎಂದು ಹೇಳೋಣ ಎಂದರು. ಅವರು ಮಾತಾಡುವುದು ಕಡಿಮೆ, ಆಡಿದರೆ ಹೀಗೆ.

ಶುರುವಾದದ್ದು ಕೊಲ್ಲಾಪುರದಲ್ಲಿ. ಹಳೆ ಸಾಮಾನು ಮಾರುವವನೊಬ್ಬನ ಗೋಣಿತಟ್ಟಿನ ಮೇಲೆ, ಹಿತ್ತಾಳೆಯ ನಲ್ಲಿಗಳ ಮಗ್ಗುಲಲ್ಲಿ, ಒಂದು ಕ್ಯಾಮೆರಾ ಅನಾಥವಾಗಿ ಕೂತಿತ್ತು. "ಚಾಲೂ ಆಹೆ" ಎಂದ ಅವನು, ಅಂದರೆ ಕೆಲಸ ಮಾಡುತ್ತದೆ. ಹಳೆ ಕ್ಯಾಮೆರಾ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಈ ಮರಾಠಿ ಮಾತಿನ ಆಳ ತಿಳಿಯಬೇಕು. ಗುಂಡಿ ಒತ್ತಿದಾಗ ಒಳಗೆಲ್ಲೋ ಟಕ್ ಅಂದರೆ ಚಾಲೂ. ಅನ್ನದಿದ್ದರೆ, ಎಣ್ಣೆ ಬಿಟ್ಟರೆ ಚಾಲೂ. ಲೆನ್ಸಿನೊಳಗೆ ಬೂಷ್ಟು ಬೆಳೆದಿದ್ದರೆ, ಒರೆಸಿದರೆ ಚಾಲೂ. ಹೀಗೆ ಚಾಲೂ ಇದ್ದ ಮೂರು ಕ್ಯಾಮೆರಾ ತಂದ ಮೇಲೆ ನಾನು ಜಾಣಳಾದೆ. ಅಂದರೆ ಬೆಳಕಿಗೆ ಹಿಡಿದು, ಅಲುಗಾಡಿಸಿ, ಮೂಸಿ ನೋಡಿ, ಎಲ್ಲ ಕೆಟ್ಟಿದೆಯೆಂದು ಖಾತ್ರಿ ಮಾಡಿಕೊಂಡು ಕೊಳ್ಳುವುದನ್ನು ಕಲಿತೆ. ಆಮೇಲೆ ಬಿಡಿ ಸಾಮಾನುಗಳ ಚಟ. ನನ್ನ ಯಾವ ಕ್ಯಾಮೆರಾಕ್ಕೂ ಹೊಂದದ ಒಂದು ಫ್ಲ್ಯಾಶ್ ಆಸೆಪಟ್ಟು ತಂದು, ಅದು ಒಂಟಿಯಾಗಿರುವುದನ್ನು ನೋಡಲಾರದೆ ಐದನೆಯ ಕ್ಯಾಮೆರಾ ಕೊಂಡದ್ದೂ ಉಂಟು.

ನಮ್ಮೂರಿನಲ್ಲಿ ಈ ಹವ್ಯಾಸಕ್ಕೆ ಬೇರೆ ಊರಿನವರಿಗಿಲ್ಲದ ಒಂದು ತೊಂದರೆ ಇದೆ. ಇಲ್ಲಿ ನೆಲ ನಡುಗುತ್ತದೆ. ಹಗಲೂ ರಾತ್ರಿ ಮಗ್ಗ ಓಡುವ ಓಣಿಯಲ್ಲಿ ಸ್ಟ್ಯಾಂಡ್ ಹಾಕಿ, ಉಸಿರು ಬಿಗಿಹಿಡಿದು ಅರ್ಧ ಸೆಕೆಂಡಿನ ಫೋಟೋ ತೆಗೆದರೆ ಹೂದಾನಿಗೆ ಎರಡು ಅಂಚು ಬರುತ್ತವೆ. ಸ್ಪಷ್ಟವಾದ ಫೋಟೋ ಬೇಕಾದರೆ ಮಗ್ಗಗಳಿಗೆ ವಾರದ ರಜೆ ಬರುವ ತನಕ ಕಾಯಬೇಕು. ಅವತ್ತು ನಮ್ಮವರಿಗೂ ರಜೆ. ಅವರು ನಿಧಾನವಾಗಿ ಸ್ನಾನ ಮಾಡಬೇಕು ಎಂದುಕೊಂಡಿರುತ್ತಾರೆ, ನಾನು ಬಚ್ಚಲುಮನೆಯ ಕಿಟಕಿಗೆ ಕರಿ ಬಟ್ಟೆ ಹೊಡೆದು ರೀಲು ತೊಳೆಯುತ್ತಿರುತ್ತೇನೆ.

ಒಂಬತ್ತರಲ್ಲಿ ನನಗೆ ಅಚ್ಚುಮೆಚ್ಚಿನದು ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ. ಒಂದರ ಮೇಲೊಂದು ಎರಡು ಲೆನ್ಸು. ಮೇಲಿನದು ನಮಗೆ ನೋಡಲಿಕ್ಕೆ, ಕೆಳಗಿನದು ರೀಲಿಗೆ. ಇದನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಎದೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ಬಗ್ಗಿಸಿ ಒಳಗೆ ಇಣುಕಬೇಕು. ಗಾಜಿನ ಮೇಲೆ ಎದುರಿನವರು ಎಡಬಲ ಅದಲುಬದಲಾಗಿ ಕಾಣುತ್ತಾರೆ. ಎದುರಿನವರಿಗೆ ಮಾತ್ರ ನನ್ನ ಬೈತಲೆ ಬಿಟ್ಟರೆ ಏನೂ ಕಾಣುವುದಿಲ್ಲ.

ಇದರ ಪರಿಣಾಮ ನನಗೆ ಗೊತ್ತಾದದ್ದು ಗಡಹಿಂಗ್ಲಜದ ಆಚೆಯ ಒಂದು ಹಳ್ಳಿಯಲ್ಲಿ. ಕುರಿ ಕಾಯುವ ಒಬ್ಬ ಅಜ್ಜ ಕಂಬಳಿ ಹೊದ್ದು ಹಿಂಡಿನ ನಡುವೆ ನಿಂತಿದ್ದರು. ಕೇಳಿದೆ, ಒಪ್ಪಿದರು. ನಾನು ತಲೆ ಬಗ್ಗಿಸಿ ಗುರಿ ಹೊಂದಿಸುತ್ತಿದ್ದರೆ ಗಾಜಿನೊಳಗಿನ ಅಜ್ಜ ದೊಡ್ಡವರಾಗುತ್ತ ಬಂದರು. ಆಮೇಲೆ ಕತ್ತಲಾಯಿತು. ತಲೆಯ ಮೇಲೆ ಏನೋ ಬಿತ್ತು. ಸೊಂಟದ ಚೀಲದಿಂದ ದೇವರ ಭಂಡಾರ ತೆಗೆದು, ಇಷ್ಟು ಹೊತ್ತು ನಮಸ್ಕಾರ ಮಾಡಿದವಳಿಗೆ ಕಡಿಮೆ ಮಾಡಬಾರದೆಂದು ಮುಷ್ಟಿ ತುಂಬ ಸುರಿದಿದ್ದರು. ಆ ಅರಿಶಿನದ ಪುಡಿ ಇವತ್ತಿಗೂ ಕ್ಯಾಮೆರಾದ ಮುಚ್ಚಳದ ಸಂದಿಯಲ್ಲಿ ಇದೆ.

ಅದೇ ತಿರುಗಾಟದಲ್ಲಿ ಕ್ಯಾಮೆರಾಕ್ಕೆ ಹೆಗಲಪಟ್ಟಿ ಸಿಕ್ಕಿಸುವ ಒಂದು ಕಿವಿ ಮುರಿಯಿತು. ಇಷ್ಟು ಸಣ್ಣ ಬೆಸುಗೆ ಮಾಡುವವರು ಹುಪರಿಯಲ್ಲಿ ಸಿಗುತ್ತಾರೆಂದು ಯಾರೋ ಹೇಳಿದರು. ಹುಪರಿಯ ಅಪ್ಪಾಸಾಬರು ಮನೆಯ ಪಡಸಾಲೆಯಲ್ಲೇ ಕೂತು ಬೆಳ್ಳಿಯ ಗೆಜ್ಜೆ ಮಾಡುವವರು. ನನ್ನ ಕ್ಯಾಮೆರಾವನ್ನು ಮಡಿಲಲ್ಲಿ ಕೂಸಿನ ಹಾಗೆ ಮಲಗಿಸಿಕೊಂಡು, ಒಂದು ಚೂರು ಬೆಳ್ಳಿ ಬಗ್ಗಿಸಿ ಹೊಸ ಕಿವಿ ಕೂರಿಸಿ ಕೊಟ್ಟರು. ಹೀಗಾಗಿ ನನ್ನ ಕ್ಯಾಮೆರಾಕ್ಕೆ ಒಂದು ಕಿವಿ ಹಿತ್ತಾಳೆಯದು, ಒಂದು ಬೆಳ್ಳಿಯದು. ರೀಲು ತೊಳೆದ ನೀರನ್ನು ಏನು ಮಾಡುತ್ತೀರಿ ಎಂದು ಅವರು ಕೇಳಿದ್ದರು. ಮೋರಿಗೆ ಸುರಿಯುತ್ತೇನೆ ಎಂದಾಗ, ಅದರಲ್ಲಿ ಬೆಳ್ಳಿ ಇರುತ್ತದಲ್ಲ ಅಕ್ಕೋರ ಎಂದು ಭಾಳ ನೊಂದುಕೊಂಡರು. ವಿಜ್ಞಾನ ಕಲಿಸುವವಳು ನಾನು, ನೆನಪಿಸಿದವರು ಅವರು. ಫೋಟೋ ಅಂದರೆ ಬೆಳಕು ಕಂಡು ಕಪ್ಪಾದ ಬೆಳ್ಳಿ, ಅಷ್ಟೇ. ಮಕ್ಕಳಿಗೆ ಇದನ್ನು ಎಷ್ಟೋ ವರ್ಷ ಹೇಳಿದ್ದೇನೆ, ಆದರೆ ಮೋರಿಗೆ ಸುರಿಯುವಾಗ ನನಗೆ ಹೊಳೆದಿರಲಿಲ್ಲ.

ಇಷ್ಟು ಸುತ್ತಿ ಬಂದದ್ದು ಕಾಕಿಯ ವಿಷಯಕ್ಕೆ. ಕಾಕಿ ಅಂದರೆ ಚಿಕ್ಕಪ್ಪನ ಹೆಂಡತಿ, ನನ್ನನ್ನು ಸಾಕಿದವಳು. ಗಡಹಿಂಗ್ಲಜದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಾಳೆ. ಕಾಕಾ ಹೋಗಿ ಬಹಳ ವರ್ಷವಾಯಿತು. ಇಬ್ಬರದೂ ಕೂಡಿ ಇದ್ದದ್ದು ಒಂದೇ ಫೋಟೋ, ಮದುವೆಯಾದ ಹೊಸತರಲ್ಲಿ ಊರ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿರಣ್ಯಕೇಶಿ ಹೊಳೆಯ ನೀರು ಮನೆಯೊಳಗೆ ಬಂದ ಮಳೆಗಾಲದಲ್ಲಿ ಅದು ಫ್ರೇಮಿನೊಳಗೇ ನೆಂದು ಗಾಜಿಗೆ ಅಂಟಿ ಹಾಳಾಯಿತು. ಆಗ ಕಾಕಿಯ ಕಣ್ಣಿಗೆ ಪೊರೆ ಬಂದಿತ್ತು. ಯಾಕೆ ನೋಯಿಸಬೇಕೆಂದು ಮನೆಯವರು ಫ್ರೇಮನ್ನು ಅದೇ ಮೊಳೆಗೆ ಹಾಗೇ ತೂಗುಹಾಕಿಬಿಟ್ಟರು. ಕಾಕಿ ದಿನಾ ಅದರ ಕಡೆ ಮುಖ ಮಾಡಿ ಕೂತು ಚಹಾ ಕುಡಿದಳು. ಹೋದ ವರ್ಷ ಪೊರೆ ತೆಗೆಸಿದರು. ಮನೆಗೆ ಬಂದವಳು ಮೊದಲು ನೋಡಿದ್ದೇ ಆ ಗೋಡೆ. ಗಾಜಿನ ಕೆಳಗೆ ಚಹಾದ ಬಣ್ಣದ ಕಲೆ ಬಿಟ್ಟರೆ ಏನೂ ಇರಲಿಲ್ಲ.

ಅವಳು ಯಾರನ್ನೂ ಬೈಯಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು. ಆ ಫೋಟೋದಲ್ಲಿ ಏನೇನಿತ್ತು ಎಂದು ಕೇಳಿದೆ. ಕಾಕಾ ತಲೆಗೆ ಬಿಳಿ ಪಟಗಾ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರಂತೆ, ಅವಳು ಹಿಂದೆ ನಿಂತು ಕುರ್ಚಿಯ ಮೇಲೆ ಕೈ ಇಟ್ಟಿದ್ದಳಂತೆ. "ಮಾರಿ ಎಲ್ಲಾ ಛಲೋ ಬಂದಿದ್ದವು ತಂಗಿ," ಎಂದಳು. "ನನ್ನ ಕೈ ಒಂದ ಮಬ್ಬ ಬಂದಿತ್ತು."

ನನ್ನೊಳಗಿನ ಶಾಲೆಯ ಅಕ್ಕೋರು ಎದ್ದು ನಿಂತಳು. ಆ ಕಾಲದ ರೀಲು ಮಂದ, ಸ್ಟುಡಿಯೋದಲ್ಲಿ ಬೆಳಕು ಕಡಿಮೆ, ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಆಸರೆ ಸರಿಯಾಗಿಲ್ಲದ ಕೈ ಅಲುಗಾಡುತ್ತದೆ ಎಂದು ಕಾಕಿಗೆ ಅರ್ಧ ತಾಸು ಪಾಠ ಮಾಡಿದೆ. ಅವಳು ಹೂಂ ಹೂಂ ಎಂದು ಕೇಳಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಫೋಟೋ ಹೋದರೇನು, ಸ್ಟುಡಿಯೋದಲ್ಲಿ ನೆಗೆಟಿವ್ ಇದ್ದೇ ಇರುತ್ತದೆ, ಎಂಟು ದಿನದಲ್ಲಿ ಹೊಸ ಫೋಟೋ ತಂದುಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಕಾಕಿ ಅವತ್ತೇ ಮೊಮ್ಮಗಳಿಗೆ ಹೇಳಿ ಫ್ರೇಮು ತೊಳೆಸಿ, ಬಿಸಿಲಿಗೆ ಇಟ್ಟು, ಖಾಲಿಯಾಗಿಯೇ ಮೊಳೆಗೆ ಹಾಕಿಸಿದಳು. ಒಂಬತ್ತು ಕ್ಯಾಮೆರಾ ಇದ್ದವಳ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಸ್ಟುಡಿಯೋ ಈಗ ಝೆರಾಕ್ಸ್ ಅಂಗಡಿಯಾಗಿದೆ. ಸ್ಟುಡಿಯೋ ನಡೆಸುತ್ತಿದ್ದವರ ನೆಗೆಟಿವ್ ಪೆಟ್ಟಿಗೆಗಳನ್ನು ಅವರ ಮೊಮ್ಮಗ ಎಂದೋ ಮಾರಿಬಿಟ್ಟಿದ್ದ. ಯಾರಿಗೆ ಎಂದು ಕೇಳಿದರೆ, ಹುಪರಿಯವರು ಒಬ್ಬರು ಹಳೆ ಎಕ್ಸ್‌ರೇಗಳ ಜೊತೆಗೆ ಒಯ್ದರು ಎಂದ. ಹುಪರಿಯಲ್ಲಿ ನನಗೆ ಗೊತ್ತಿದ್ದವರು ಒಬ್ಬರೇ. ಬಸ್ಸಿನಲ್ಲಿ ಕೂತಾಗ, ಅವರಾಗಿರದಿರಲಿ ಎಂದುಕೊಳ್ಳುತ್ತಲೇ ಹೋದೆ.

ಅವರೇ ಆಗಿದ್ದರು. ಗಡಹಿಂಗ್ಲಜದ ಪೆಟ್ಟಿಗೆಗಳು ಅಪ್ಪಾಸಾಬರಿಗೆ ಚೆನ್ನಾಗಿ ನೆನಪಿದ್ದವು. ಕತ್ತರಿಸಿ, ಬಿಸಿನೀರಿನಲ್ಲಿ ಹಾಕಿ, ಕೆಳಗೆ ಕೂತ ಕರಿ ಗಸಿಯನ್ನು ಕರಗಿಸಿದ ಬಗೆಯನ್ನೆಲ್ಲ ಹುರುಪಿನಿಂದ ವಿವರಿಸಿದರು. "ಫೋಟೋದಾಗ ಬಿಳೀದು ಎಷ್ಟು ಇರತೈತಿ, ನೆಗೆಟಿವ್‌ನ್ಯಾಗ ಅಷ್ಟು ಬೆಳ್ಳಿ ಇರತೈತ್ರಿ ಅಕ್ಕೋರ. ಮದವಿ ಫೋಟೋ ಅಂದ್ರ ಛಲೋ ಮಾಲ. ಬಿಳಿ ಧೋತರ, ಬಿಳಿ ಪಟಗಾ."

ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ವಿಷಯ ತಿಳಿದ ಮೇಲೆ ಊದುಕೊಳವೆ ಕೆಳಗಿಟ್ಟರು. ಆ ಬೆಳ್ಳಿ ಏನಾಯಿತು ಎಂದು ಕೇಳಿದೆ. ಗೆಜ್ಜೆಯಾಗಿರಬಹುದು, ಕಾಲುಂಗುರವಾಗಿರಬಹುದು, ಎಲ್ಲ ಕೂಡಿ ಕರಗಿದ್ದು, ಇದು ಇಂಥವರದು ಎಂದು ಹೇಳಲಾಗದು ಎಂದರು. ಆಮೇಲೆ ನನ್ನ ಹೆಗಲ ಮೇಲಿನ ಕ್ಯಾಮೆರಾ ತೋರಿಸಿ, ಈ ಕಿವಿಯೂ ಆ ದಿನಗಳ ಬೆಳ್ಳಿಯದೇ, ಆ ಫೋಟೋದ ಬೆಳ್ಳಿ ಇದರಲ್ಲಿ ಇಲ್ಲ ಎಂದೂ ಹೇಳಲಾಗದು ಎಂದರು. ಅವರು ಸಮಾಧಾನಕ್ಕೆ ಹೇಳಿದರೋ ಲೆಕ್ಕ ಹಾಕಿ ಹೇಳಿದರೋ, ನಾನು ವಿಚಾರಿಸಲು ಹೋಗಲಿಲ್ಲ.

ಕಾಕಿಗೆ ಹೇಳುವುದು ಹೇಗೆ? ಖಾಲಿ ಫ್ರೇಮಿನ ಕೆಳಗೆ ಕೂತಿದ್ದಳು. ನನ್ನ ಕೈಯಲ್ಲಿ ಲಕೋಟೆ ಇಲ್ಲದ್ದನ್ನು ಆ ಹೊಸ ಕಣ್ಣು ಬಾಗಿಲಲ್ಲೇ ನೋಡಿತು. ಎಲ್ಲವನ್ನೂ ಹೇಳಿದೆ, ಪಟಗಾದ ಬೆಳ್ಳಿಯನ್ನೂ ಬಿಡಲಿಲ್ಲ. ಆ ಪಟಗಾ ನಿಮ್ಮ ಕಾಕಾಂದಲ್ಲ, ಅವತ್ತಿನ ಮಟ್ಟಿಗೆ ಅವರ ಸೋದರಮಾವನ ಕಡೆಯಿಂದ ಈಸಿಕೊಂಡು ಬಂದದ್ದು ಎಂದಳು ಕಾಕಿ. ಕ್ಯಾಮೆರಾವನ್ನು ಹತ್ತಿರ ಎಳೆದುಕೊಂಡು ಬೆಳ್ಳಿಯ ಕಿವಿಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಬೆಳಗಿಸಿದಳು. ಫ್ರೇಮು ಖಾಲಿ ಇರುವುದು ಬೇಡ, ನನ್ನದೇ ಒಂದು ತೆಗೆ ಎಂದಳು.

ಪಡಸಾಲೆಯ ಮಂದ ಬೆಳಕಿನಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಎದುರಿಗೆ ಮೊಳಕಾಲೂರಿ ಕೂತು, ಕ್ಯಾಮೆರಾ ಎದೆಗೆ ಹಿಡಿದು, ತಲೆ ಬಗ್ಗಿಸಿದೆ. ಗಾಜಿನೊಳಗೆ ಕಾಕಿ ಚಂದ ಕಂಡಳು. ಗುಂಡಿ ಒತ್ತುವುದಕ್ಕೂ ಅವಳ ಕೈ ನನ್ನ ತಲೆಯ ಕಡೆ ಬರುವುದಕ್ಕೂ ಸರಿಹೋಯಿತು. ಕಾಕಿ, ನಾನು ನಮಸ್ಕಾರ ಮಾಡುತ್ತಿಲ್ಲ, ನಿನ್ನನ್ನು ನೋಡುತ್ತಿದ್ದೇನೆ, ಅಲುಗಾಡಬೇಡ ಎಂದೆ. ಹೂಂ ಎಂದಳು. ಎರಡನೆಯದಕ್ಕೂ ಕೈ ಬಂತು. ಮೂರನೆಯದಕ್ಕೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡಳು, ಕೊನೆಯ ಗಳಿಗೆಯಲ್ಲಿ ಒಂದು ತಪ್ಪಿಸಿಕೊಂಡು ಬಂತು. ನಾನು ಸಿಟ್ಟಾದೆ.

"ತಲಿ ಬಗ್ಗಿಸಿದವರಿಗೆ ಕೈ ಎತ್ತದ ಹ್ಯಾಂಗ ಕುಂದ್ರಲಿ?" ಎಂದು ಅವಳೂ ಸಿಟ್ಟಾದಳು.

ಹನ್ನೆರಡೂ ಮುಗಿದವು. ಮಗ್ಗದ ರಜೆಯ ದಿನ ಬಚ್ಚಲುಮನೆಯಲ್ಲಿ ರೀಲು ತೊಳೆದು ಬೆಳಕಿಗೆ ಹಿಡಿದರೆ ಹನ್ನೆರಡು ಕೈಗಳು. ಕೆಲವುಗಳಲ್ಲಿ ಬೆರಳ ಸಂದಿಯಲ್ಲಿ ಅರ್ಧ ಕಾಕಿ, ಕೆಲವುಗಳಲ್ಲಿ ಒಂದು ಕಣ್ಣು. ಕೊನೆಯದರಲ್ಲಿ ಅವಳೇ ಇಲ್ಲ, ಮಬ್ಬು ಮಬ್ಬಾದ ಅಂಗೈ ಒಂದೇ. ಅಳು ಬಂತು. ಎಂಟು ದಿನ ಎಂದವಳು ಮೂರು ತಿಂಗಳಾದ ಮೇಲೆ ಕೊಡುವುದು ಇದನ್ನೇ? ನಮ್ಮವರು ಒಂದೊಂದನ್ನೇ ನೋಡಿ, ಎಲ್ಲವನ್ನೂ ಒಯ್ದು ತೋರಿಸು, ಆರಿಸುವ ಕೆಲಸ ನಿನ್ನದಲ್ಲ ಎಂದರು.

ಎಲ್ಲವನ್ನೂ ಕಾಗದದ ಮೇಲೆ ಇಳಿಸಿಕೊಂಡು ಒಯ್ದೆ. ಕಾಕಿ ಹನ್ನೆರಡನ್ನೂ ಇಸ್ಪೀಟಿನ ಎಲೆಗಳ ಹಾಗೆ ಹಾಸಿಗೆಯ ಮೇಲೆ ಹರಡಿಕೊಂಡಳು. ಇದೊಂದರಲ್ಲಿ ಸ್ವಲ್ಪ ಮುಖ ಇದೆ ಎಂದು ನಾನು ಮುಂದೆ ತಳ್ಳಿದ್ದನ್ನು ಬದಿಗಿಟ್ಟಳು. ಮುಖವೇ ಇಲ್ಲದ ಕೊನೆಯದನ್ನು ಕೈಗೆತ್ತಿಕೊಂಡು ನೋಡುತ್ತ ನೋಡುತ್ತ ನಗತೊಡಗಿದಳು. ಶಟರ್ ಹೆಚ್ಚು ಹೊತ್ತು ತೆರೆದಿತ್ತು ಕಾಕಿ, ಅದಕ್ಕೇ ಎಂದು ನಾನು ಮತ್ತೆ ಶುರುಮಾಡಿದೆ.

"ನಿನ್ನ ಶಟರ್ ಇರಲಿ," ಎಂದಳು. "ಆಗ ಫೋಟೋ ತೆಗಿಯಾವ ಕರಿ ಅರಿವಿಯಾಗ ತಲಿ ಹಾಕಿದ್ದ. ಅಷ್ಟೊತ್ತಿಗೆ ನಿಮ್ಮ ಕಾಕಾ ಮುಂದ ನೋಡಕೋತನ ಒಂದ ಮಾತ ಅಂದ್ರು. ಎದುರಿಗಿ ನಮ್ಮತ್ತಿ ಕುಂತಿದ್ರು, ನಗೂ ಹಂಗ ಇರಲಿಲ್ಲ. ಮಾರಿ ಬಿಗಿ ಹಿಡದೆ. ನಗಿ ಎಲ್ಲಿ ಹೋಗಬೇಕು, ಕೈಯಾಗ ಇಳೀತು."

ಇಷ್ಟು ವರ್ಷ ಅವಳು ಆ ಗೋಡೆಯ ಮೇಲೆ ನೋಡುತ್ತಿದ್ದದ್ದು ಕಾಕಾನ ಮುಖವನ್ನಲ್ಲ, ಅಲುಗಾಡಿದ ತನ್ನ ಕೈಯನ್ನು. ನಾನು ಅದಕ್ಕೆ ಅರ್ಧ ತಾಸು ಪಾಠ ಮಾಡಿದ್ದೆ. ಕಾಕಾ ಏನಂದರು ಎಂದು ಕೇಳಿದೆ. ಅದನ್ನೆಲ್ಲ ನಿನಗೆ ಹೇಳುವುದಕ್ಕೆ ಬರುವುದಿಲ್ಲ ಎಂದು ಸೆರಗು ಬಾಯಿಗೆ ಹಿಡಿದಳು. ಮುಖವಿಲ್ಲದ ಆ ಅಂಗೈಯ ಫೋಟೋವನ್ನೇ ಫ್ರೇಮಿಗೆ ಹಾಕಿಸಿದಳು. ಮೊನ್ನೆ ಸೊಸೆಯ ತವರಿನವರು ಬಂದಾಗ ನಾನೂ ಅಲ್ಲೇ ಇದ್ದೆ. ಫ್ರೇಮಿನ ಮುಂದೆ ನಿಂತು ಅವರು ಬಹಳ ಹೊತ್ತು ಕತ್ತು ಆಕಡೆ ಈಕಡೆ ಹೊರಳಿಸಿ ನೋಡಿ, ಇದು ಯಾರದು ಎಂದು ಕೇಳಿದರು.

ಕಾಕಿ ಚಹಾದ ಬಟ್ಟಲು ಕೆಳಗಿಟ್ಟು ಹೇಳಿದಳು, "ನಮ್ಮ ಜೋಡಿ ಫೋಟೋ."