ಕಾಕಾನ ಕಿವಿಯಿಂದ ಬಂದ ಅಡಿಗಲ್ಲು

ಸ್ವಲ್ಪ ತಾಳಿ. ಕಿವಿಯ ಮಾತು ಎಂದ ಕೂಡಲೇ ಎದ್ದು ಹೋಗಬೇಡಿ. ಈ ಮಾತಿನ ನಡುವೆ ಒಂದು ಎಲುಬು ಬರುತ್ತದೆ, ಹತ್ತಿಕಾಳಿನಷ್ಟೂ ಇಲ್ಲ. ಅದು ಬರುವ ತನಕವಾದರೂ ಕೂತಿರಿ.

ನಿನ್ನೆ ರೋಣದಲ್ಲಿ ನೇಕಾರರ ಓಣಿಯಲ್ಲಿ ಹೋಗುತ್ತಿದ್ದೆ. ಮಗ್ಗಕ್ಕೆ ಏರಿಸಲು ಉದ್ದಕ್ಕೆ ಹಿಡಿದ ಹಾಸಿನ ನೂಲಿಗೆ ಯಾರೋ ಜೋಳದ ಗಂಜಿ ಬಳಿಯುತ್ತಿದ್ದರು. ಆ ಹುಳಿ ವಾಸನೆ ಮೂಗಿಗೆ ಬಿತ್ತು, ಕಾಲು ಅಲ್ಲೇ ನಿಂತಿತು. ಐದು ವರ್ಷದ ಹಿಂದೆ ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ನೆನಪಾದರು. ರಕ್ತಸಂಬಂಧವಲ್ಲ, ಓಣಿಯವರೆಲ್ಲ ಕರೆದಂತೆ ನಾನೂ ಕರೆಯುತ್ತಿದ್ದೆ. ಸೀರೆ ನೇಯುವವರು.

ಕಾಕಾನ ಎಡಗಿವಿ ಎಂದೋ ಕೆಟ್ಟಿತ್ತು. ಬಲಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು, ಆಮೇಲೆ ಅದೂ ಮಂದವಾಯಿತು. ನೇಕಾರನಿಗೆ ಕಿವಿ ಯಾಕೆ ಬೇಕು ಎಂದು ಕೇಳುವವರು ಮಗ್ಗದಲ್ಲಿ ಕೂತವರಲ್ಲ. ಅಷ್ಟು ಎಳೆಗಳಲ್ಲಿ ಒಂದು ಕಡಿದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಟಿಕ್ ಎಂದು. ಕಾಕಾನಿಗೆ ಆ ಟಿಕ್ ಕೇಳುವುದು ನಿಂತಿತ್ತು. ಒಂದು ಸೀರೆಯಲ್ಲಿ ಮೊಳದುದ್ದ ಎಳೆ ತಪ್ಪಿತು. ಹಿರಿಯ ಮಗ ಓಣಿಗೆಲ್ಲ ಕೇಳುವಂತೆ ಕೂಗಿದ:

"ಅಪ್ಪಾ, ಈ ಹಾಸ ಮುಗೀಲಿ. ಮುಂದಿಂದಕ್ಕ ನಾ ಕುಂಡ್ರತೇನಿ. ನೀ ಕಟ್ಟಿಮ್ಯಾಲೆ ಕುಂತ ಎಲಿ ಅಡಕಿ ಹಾಕ್ಕೋ."

ಕಾಕಾ ಸಿಟ್ಟಾಗಲಿಲ್ಲ. ಮಗ್ಗದ ಕುಣಿಯಲ್ಲಿ ಇಳಿಬಿಟ್ಟ ಕಾಲನ್ನು ಮೇಲೆ ತೆಗೆಯಲೂ ಇಲ್ಲ...

ನಾನಾಗ ಇಪ್ಪತ್ತರವನು. ನೂಲಿನ ಗಾಡಿಯ ಜೊತೆ ಧಾರವಾಡಕ್ಕೆ ಹೋದಾಗ, ಬಿಳಿಯ ಸಾಹೇಬರ ದವಾಖಾನೆಯಲ್ಲಿ ಔಷಧಿ ಕಲಸುವವರೊಬ್ಬರ ಸ್ನೇಹವಾಗಿತ್ತು. ಅವರು ಪುಸ್ತಕವೊಂದರಲ್ಲಿ ಕಿವಿಯ ಚಿತ್ರ ತೋರಿಸಿದ್ದರು. ಜಾತ್ರೆಯಲ್ಲಿ ಬಡಿಯುವ ಹಲಗೆಯ ಚರ್ಮದಂಥ ಒಂದು ಪೊರೆ, ಅದರ ಹಿಂದೆ ಸಾಲಾಗಿ ಮೂರು ಎಲುಬು: ಸುತ್ತಿಗೆ, ಕಮ್ಮಾರ ಕಬ್ಬಿಣ ಇಟ್ಟು ಬಡಿಯುವಂಥ ಅಡಿಗಲ್ಲು, ರಿಕಾಪು. ಪೊರೆ ನಡುಗಿದರೆ ಎಲುಬು ನಡುಗುತ್ತವೆ, ಸದ್ದು ಒಳಗೆ ಹೋಗುತ್ತದೆ. ಚಿತ್ರ ನೋಡಿ ಸುಮ್ಮನಿರುವ ಸ್ವಭಾವ ನನ್ನದಲ್ಲ. ಮಾಂಸ ಮುಟ್ಟದ ಮನೆ ನಮ್ಮದು, ಗೊತ್ತಾದರೆ ಹೊರಗೇ ಹಾಕುತ್ತಾರೆಂದು ಹಳ್ಳದ ದಂಡೆಯಲ್ಲಿ ಕೂತು ಏಳು ಆಡಿನ ತಲೆ ಒಡೆದೆ. ಆರು ಹಾಳಾದವು. ಏಳನೆಯದರಲ್ಲಿ ಮೂರೂ ಸಿಕ್ಕವು. ಕುದುರೆ ಸವಾರ ಕಾಲಿಡುವ ರಿಕಾಪಿನದೇ ಆಕಾರ, ಇರುವೆಯ ಕಾಲಿಗೆ ಮಾಡಿದ ಹಾಗೆ!

ಕಾಕಾ ಆಗಾಗ ಬಾಗಿ ಮಗ್ಗದ ತೊಲೆಗೆ ಹಲ್ಲು ತಾಗಿಸುತ್ತಿದ್ದರು. ವಯಸ್ಸಾಯಿತು ಎಂದು ಓಣಿಯವರು ನಗುತ್ತಿದ್ದರು. ಯಾಕೆ ಎಂದು ಕಿವಿಯ ಹತ್ತಿರ ಕೂಗಿ ಕೇಳಿದೆ.

"ಹಲ್ಲಿಗೆ ಕೇಳತೈತೋ ತಮ್ಮಾ," ಅಂದರು.

ನಾನು ಹಿಗ್ಗಿಹೋದೆ. ಹಲ್ಲಿನಿಂದ ಕೇಳುತ್ತದೆ ಎಂದರೆ ತೀರ ಒಳಗಿನ ಕಿವಿ ಗಟ್ಟಿಯಾಗಿದೆ. ಕೆಟ್ಟದ್ದು ಪೊರೆ ಮತ್ತು ಎಲುಬಿನ ದಾರಿ ಮಾತ್ರ. ಕನ್ನಡಿಯಿಂದ ಬಿಸಿಲು ಬಿಟ್ಟು ಬಲಗಿವಿ ನೋಡಿದೆ. ಪೊರೆಯಲ್ಲಿ ತೂತು. ಧಾರವಾಡದವರು ಹೇಳಿದ್ದ ಹಾಗೆ ಅರಳೆಯ ಸಣ್ಣ ಉಂಡೆಗೆ ದಾರ ಕಟ್ಟಿ, ನೀರಿನಲ್ಲಿ ಅದ್ದಿ, ಹರಿದ ಪೊರೆಯ ಬದಲು ಅದು ನಡುಗಲಿ ಎಂದು ಆ ತೂತಿಗೆ ತಾಗುವಂತೆ ಮೆಲ್ಲಗೆ ಇಟ್ಟೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕೂ, ಕಾಕಾನ ಹೆಂಡತಿ, ದಿನದ ರೂಢಿಯಂತೆ ಗೊಣಗಿದರು. "ಕಿವಿ ಹೋದ್ರ ಏನಾತು, ಈ ಮುದುಕನ ಹಟಾ ಹೋಗಬೇಕಲ್ಲ."

ಕಾಕಾ ತಟ್ಟನೆ ತಿರುಗಿದರು. "ಏನಂದಿ?"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಇಷ್ಟ ವರ್ಷ ಹಿಂಗ ಬೈಕೋತ ಬಂದೀಯೇನ?"

"ಇದು ಭಾಳ ಕಡಿಮಿರಿ. ಮುಂಜಾನೆ ಅಂದದ್ದ ಕೇಳಬೇಕಿತ್ತ ನೀವು!" ಕಾಕೂ ನಕ್ಕರು, ನಗುತ್ತಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಆದರೆ ಮಧ್ಯಾಹ್ನಕ್ಕೆ ಅರಳೆ ಒಣಗಿ ಸಡಿಲಾಗುತ್ತಿತ್ತು. ಮತ್ತೆ ತೆಗೆದು ಒದ್ದೆ ಮಾಡಬೇಕು. ನಾನು ನೂಲಿನವನು, ಅವರು ನೇಕಾರರು, ಇಬ್ಬರ ತಲೆಯೂ ಒಂದೇ ಕಡೆ ಓಡಿತು. ಗಂಜಿ ಕಾಣದ ಎಳೆ ಮಗ್ಗದಲ್ಲಿ ನಿಲ್ಲುವುದಿಲ್ಲವಲ್ಲ! "ಗಂಜಿ ಹಚ್ಚಿದ್ರ ಖಡಕ್ ನಿಂದರತೈತಿ," ಅಂದರು ಕಾಕಾ. ಹೌದೆಂದೆ. ನನ್ನ ಕೈಯಿಂದಲೇ ಅದ್ದಿದೆ.

ಮೂರು ದಿನ ಆ ಉಂಡೆ ಅಲುಗಲಿಲ್ಲ. ಮೂರು ದಿನ ಕಾಕಾ ಒಂದೂ ಎಳೆ ತಪ್ಪದೆ ನೇಯ್ದರು, ಹೆಂಡತಿಯ ಬೈಗುಳಕ್ಕೆ ಬೈಗುಳ ಕೊಟ್ಟರು. ನಾನು ಪಕ್ಕದ ಊರು ಸೂಡಿಯ ತನಕ ಹೇಳಿಕೊಂಡು ತಿರುಗಿದೆ. ನಾಲ್ಕನೆಯ ದಿನ ಜ್ವರ ಬಂತು. ಕಿವಿಯ ಕಾವಿಗೆ ಗಂಜಿ ಹಳಸಿತ್ತು. ದಾರ ಎಳೆದರೆ ಉಂಡೆ ಬಂತು, ಹಿಂದೆಯೇ ಕೀವು... ಎರಡು ವಾರ ಸೋರಿತು. ಒಂದು ದಿನ ಕೀವಿನ ಜೊತೆ ಏನೋ ಗಟ್ಟಿಯಾದದ್ದು ಬಿತ್ತು. ತೊಳೆದು ಅಂಗೈಯಲ್ಲಿ ಇಟ್ಟುಕೊಂಡೆ. ಅಡಿಗಲ್ಲು. ಆಡಿನದನ್ನು ನೋಡಿದ್ದೆನಲ್ಲ, ಗುರುತು ಸಿಕ್ಕಿತು. ಅದು ಮೊದಲೇ ಕೊಳೆತಿದ್ದಿರಬೇಕು ಎಂದು ಈಗ ಹೇಳಬಹುದು, ಆದರೆ ಗಂಜಿ ಹಚ್ಚಿದವನು ನಾನು. ಏನದು ಎಂದು ಕಾಕಾ ಸನ್ನೆಯಲ್ಲಿ ಕೇಳಿದರು. ಹೇಳಿದೆ. ಕೂಗಿ ಹೇಳಿದೆ. ಕೇಳಿಸಲಿಲ್ಲ...

ಜ್ವರ ಇಳಿಯುವಷ್ಟರಲ್ಲಿ ಮಗ್ಗಕ್ಕೆ ಹೊಸ ಹಾಸು ಏರಿತ್ತು, ಮಗ ಕುಣಿಯಲ್ಲಿ ಕೂತಿದ್ದ. ನಾನು ತಲೆ ತಗ್ಗಿಸಿ ಹೋದೆ, ಬರಿಗೈಯಲ್ಲಿ ಹೋಗಲಿಲ್ಲ. ಎಲುಬಿನ ದಾರಿ ಮುರಿದರೂ ಹಲ್ಲಿನ ದಾರಿ ಇತ್ತಲ್ಲ! ಬಾಗಿದರೆ ನೇಯುವ ಕೈ ನಿಲ್ಲುತ್ತಿತ್ತು, ಅದೊಂದೇ ತೊಂದರೆ. ಬಿದಿರಿನ ಕಡ್ಡಿಯ ಒಂದು ತುದಿಯನ್ನು ತೊಲೆಗೆ ಆನಿಸಿ, ಇನ್ನೊಂದನ್ನು ಕಾಕಾನ ಹಲ್ಲಿಗೆ ಕೊಟ್ಟೆ. ಅವರು ಕಣ್ಣು ಮುಚ್ಚಿದರು. ಕಾಕೂ ಹಾಸಿನ ಒಂದು ಎಳೆ ಕಡಿದರು. ಕಾಕಾ ಕೈ ಎತ್ತಿದರು. ಇನ್ನೊಂದು ಕಡಿದರು. ಮತ್ತೆ ಕೈ ಎದ್ದಿತು. ಮೂರನೆಯ ಸಲ ಕಾಕೂ ಬೇಕೆಂದೇ ಸುಮ್ಮನೆ ನಿಂತರು. ಕೈ ಏಳಲಿಲ್ಲ.

ಮಗ ಕುಣಿಯಿಂದ ಮೇಲೆ ಬಂದ. "ಇಳೀಪಾ. ಹಲ್ಲ ಇರೋತನಕ ಮಗ್ಗ ನಿಂದ."

ಆಮೇಲೆ ಮೂರು ವರ್ಷ ಕಾಕಾ ನೇಯ್ದರು. ಮಗ್ಗದ ಸದ್ದು ಅವರಿಗೆ ಬಂತು, ಮನುಷ್ಯರ ದನಿ ಮತ್ತೆ ಬರಲಿಲ್ಲ. ಕಾಕೂ ಬೈಯುವುದನ್ನೇ ಬಿಟ್ಟರು. "ಮೂರ ದಿನ ತಿರುಗಿ ಬೈದ್ರು ನೋಡು," ಎಂದು ನನಗೊಮ್ಮೆ ಹೇಳಿದರು, "ಈಗ ಗ್ವಾಡಿಗೆ ಬೈದಂಗ ಆಗತೈತಿ." ಹೋದ ವರ್ಷ ಕಾಕಾ ತೀರಿಕೊಂಡರು.

ಈಗಲೂ ಅಬ್ಬಿಗೇರಿ, ನರಗುಂದದ ಕಡೆಯಿಂದ ಕಿವಿ ಮಂದವಾದವರು ನನ್ನ ಹತ್ತಿರ ಬರುತ್ತಾರೆ. ತಿಳಿನೀರು, ಹೊಸ ಅರಳೆ, ಸಂಜೆಗೆ ತೆಗೆದು ಬಿಸಾಡುವುದು, ಇಷ್ಟೇ ನನ್ನ ವಿದ್ಯೆ. ಕೆಲವರಿಗೆ ಕೇಳಿಸುತ್ತದೆ. ಮುರಿದ ಎಲುಬಿನ ಜಾಗದಲ್ಲಿ ಬೇರೆಯದನ್ನು ಮಾಡಿ ಕೂರಿಸುವವರು ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ಕಾಕಾನ ಕಿವಿಯ ಕಾಲಕ್ಕೆ ಮಾತ್ರ ಯಾರೂ ಬರಲಿಲ್ಲ, ನಾನು ಬಂದೆ.

ನಿಮ್ಮ ಮನೆಯಲ್ಲಿ ಹೀಗೆ ಅರಳೆ ಇಟ್ಟು ಕೇಳಿಸಿಕೊಂಡವರಿದ್ದರೆ ದಯವಿಟ್ಟು ಬರೆಯಿರಿ. ಏನು ಇಟ್ಟಿರಿ, ಎಷ್ಟು ದಿನ ಕೇಳಿಸಿತು, ಎಲ್ಲವನ್ನೂ. ಕೆಟ್ಟುಹೋಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ನಾನು ಅವನ್ನೇ ಮೊದಲು ಓದುತ್ತೇನೆ.