ಬೆರಳಿನಿಂದ ನೋಡುವ ವಾಚು

ಹಳೆಯ ಕೈಗಡಿಯಾರ ಸಂಗ್ರಹಿಸುವವರಿಗೆ ಒಂದು ಕೆಟ್ಟ ಚಾಳಿ ಇದೆ. ಮದುವೆಮನೆಗೆ ಹೋದರೂ ನಾವು ಜನರ ಮುಖ ನೋಡುವುದಿಲ್ಲ, ಮಣಿಕಟ್ಟು ನೋಡುತ್ತೇವೆ. ನನ್ನ ಹೆಂಡತಿಗೆ ಇದು ಸಾಕಾಗಿಹೋಗಿದೆ. ಪುಟ್ಟೇನಹಳ್ಳಿಯ ನಮ್ಮ ಮನೆಯ ಬೀರುವಿನಲ್ಲಿ ಅವಳ ಸೀರೆಗಳನ್ನು ಒತ್ತಿಕೊಂಡು ನನ್ನ ವಾಚುಗಳು ಕೂತಿವೆ. ಆದರೆ ಎಷ್ಟೋ ವರ್ಷ ನಾನು ನಿಜವಾಗಿ ಹುಡುಕಿದ್ದು ಒಂದೇ ಒಂದನ್ನು. ಅದೂ ನನಗಲ್ಲ, ಅಕ್ಕನಿಗೆ.

ಅಕ್ಕನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಮೊದಲ ಸಂಬಳದಲ್ಲಿ ಅವಳು ಕೊಂಡದ್ದು ಬ್ರೈಲ್ ವಾಚು. ಅದರ ಗಾಜು ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಒಳಗೆ ಉಬ್ಬಿದ ಚುಕ್ಕೆಗಳು: ಹನ್ನೆರಡರ ಜಾಗದಲ್ಲಿ ಮೂರು ಚುಕ್ಕೆ; ಮೂರು, ಆರು, ಒಂಬತ್ತರ ಜಾಗದಲ್ಲಿ ಎರಡೆರಡು; ಉಳಿದ ಕಡೆ ಒಂದೊಂದು. ಬೆರಳು ತಾಗಿದರೂ ಅಲುಗದಂತೆ ಮುಳ್ಳುಗಳು ಗಟ್ಟಿಯಾಗಿರುತ್ತವೆ.

ಕರೆಂಟು ಹೋದ ಕೂಡಲೇ ನಮ್ಮ ಮನೆಯಲ್ಲಿ ಅಕ್ಕನ ರಾಜ್ಯಭಾರ ಶುರುವಾಗುತ್ತಿತ್ತು. ನಾವೆಲ್ಲ ಬೆಂಕಿಪೊಟ್ಟಣ ತಡಕುತ್ತ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರೆ ಟಿಕ್ ಎಂದು ಮುಚ್ಚಳ ತೆರೆಯುವ ಸದ್ದು ಕೇಳಿಸುತ್ತಿತ್ತು. "ಏಳೂಕಾಲು. ಇನ್ನೂ ಮುಕ್ಕಾಲು ಗಂಟೆ ಹಿಂಗೇ. ಸುಮ್ನೆ ಕೂತ್ಕೊಳ್ರೋ," ಎನ್ನುವಳು. ಆ ಗತ್ತು ಇಂದಿಗೂ ನನ್ನ ಕಿವಿಯಲ್ಲಿದೆ.

ಒಂದು ದಿನ ಅಕ್ಕ ಬಸ್ ಇಳಿದು ಮನೆಗೆ ಬರುವಷ್ಟರಲ್ಲಿ ಬೆಲ್ಟಿನ ಪಿನ್ನು ಕಳಚಿ ವಾಚು ಎಲ್ಲೋ ಬಿದ್ದುಹೋಯಿತು. ಅಲ್ಲಾಳಸಂದ್ರದ ಕೆರೆ ಪಕ್ಕದ ರಸ್ತೆಯನ್ನೆಲ್ಲ ಜಾಲಾಡಿದೆವು, ಸಿಗಲಿಲ್ಲ. ಅಷ್ಟರಲ್ಲಿ ಆ ವಾಚುಗಳ ತಯಾರಿಕೆಯೂ ನಿಂತಿತ್ತು. ಈಗ ಅಕ್ಕನ ಬಳಿ ಮಾತಾಡುವ ಫೋನಿದೆ. ಗುಂಡಿ ಒತ್ತಿದರೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಗಂಟೆ ಎಷ್ಟೆಂದು ಕೂಗುತ್ತಾಳೆ. "ನಾನು ಟೈಮ್ ನೋಡಿದ್ದು ಇಡೀ ಬಸ್ಸಿಗೆ ಗೊತ್ತಾಗ್ಬೇಕೇನೋ?" ಎಂದು ಅಕ್ಕ ಸಿಡುಕುತ್ತಿದ್ದಳು. ಸೆರಗಿನ ಮರೆಯಲ್ಲಿ, ಯಾರಿಗೂ ತಿಳಿಯದ ಹಾಗೆ ಅವಳು ಮತ್ತೊಮ್ಮೆ ಟೈಮ್ ನೋಡಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಹುಡುಕಲು ಹೊರಟ ಮೇಲೆ ಈ ವಾಚಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕವರನ್ನೆಲ್ಲ ಕೇಳಿದೆ. ಫೋಟೋ ನಂಬಿ ಎರಡು ಸಲ ಮೋಸ ಹೋದೆ. ಒಂದಕ್ಕೆ ಹೊಸ ಬಣ್ಣ ಬಳಿದಿದ್ದರು, ಚುಕ್ಕೆಗಳು ಬಣ್ಣದಲ್ಲಿ ಹೂತುಹೋಗಿದ್ದವು. ಇನ್ನೊಂದಕ್ಕೆ ಮಾಮೂಲಿ ಮುಳ್ಳು ಹಾಕಿದ್ದರು, ಬೆರಳಿಟ್ಟರೆ ಮೂರು ಗಂಟೆ ನಾಲ್ಕಾಗುತ್ತಿತ್ತು. ಆಮೇಲಿಂದ ಮುಟ್ಟಿ ನೋಡದೆ ಕೊಳ್ಳುವುದಿಲ್ಲವೆಂದು ಹಟ ಹಿಡಿದೆ. "ಏನ್ ಸಾರ್, ವಾಚ್ ನೋಡೋಕ್ ಬಂದು ಕಣ್ ಮುಚ್ಕೊಂಡ್ ನಿಂತಿದೀರಲ್ಲ!" ಎಂದು ಯಶವಂತಪುರದ ಅಂಗಡಿಯವನು ನಕ್ಕ. ಯಾರೂ ಮುಟ್ಟಿಯೇ ಇಲ್ಲ, ಹೊಸದರಂತಿದೆ ಎಂದು ಹೇಳಿ ದುಪ್ಪಟ್ಟು ಬೆಲೆ ಕೇಳುವವರೂ ಇದ್ದರು. ಮುಟ್ಟುವುದಕ್ಕೆಂದೇ ಮಾಡಿದ ವಾಚನ್ನು ಯಾರೂ ಮುಟ್ಟಿಲ್ಲವೆಂದು ಹೊಗಳುವ ಜನಕ್ಕೆ ಏನು ಹೇಳುವುದು! ಪ್ರತಿ ಭಾನುವಾರ ಅಲ್ಲಾಳಸಂದ್ರದಲ್ಲಿರುವ ಅಕ್ಕನ ಮನೆಗೆ ಹೋಗಿ ಇದನ್ನೆಲ್ಲ ಒದರಿ ಬರುತ್ತಿದ್ದೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಕೊನೆಗೆ ಆರ್.ಟಿ. ನಗರದ ಒಂದು ಮನೆಯಲ್ಲಿ ಸಿಕ್ಕಿತು. ಬಾಗಿಲು ತೆರೆದ ಹೆಂಗಸು ವಾಚನ್ನು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು. "ನಮ್ ಅಬ್ಬಾ ಅವ್ರದು. ಅವ್ರು ಹೋದ್ಮೇಲೆ ಇದನ್ನ ಓದೋರು ಮನೇಲಿ ಯಾರೂ ಇಲ್ಲ. ನಿಮ್ಮಕ್ಕನಿಗೆ ಅಂದ್ರಲ್ಲ, ಅದಕ್ಕೇ ಕೊಡ್ತಾ ಇದೀನಿ. ಶೋಕೇಸಿಗೆ ಅಂದಿದ್ರೆ ಕೊಡ್ತಿರ್ಲಿಲ್ಲ," ಎಂದರು. ಅವರ ತಂದೆಯ ಬೆರಳು ಓಡಾಡಿ ಓಡಾಡಿ ಡಯಲ್ಲಿನ ಬಿಳುಪು ಮಾಸಿತ್ತು, ಚುಕ್ಕೆಗಳು ಮಾತ್ರ ನೆಟ್ಟಗಿದ್ದವು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ನೇರವಾಗಿ ಅಕ್ಕನ ಮನೆಗೆ ಹೋಗಿ ಅವಳ ಅಂಗೈಯಲ್ಲಿಟ್ಟೆ. ಅವಳು ಕಿವಿಗೆ ಹಿಡಿದಳು, ಕೆನ್ನೆಗೆ ಒತ್ತಿಕೊಂಡಳು. "ಟೈಮ್ ಎಷ್ಟಕ್ಕಾ?" ಎಂದು ಮಗುವಿನಂತೆ ಕೇಳಿದೆ. ಟಿಕ್ ಎಂದು ಮುಚ್ಚಳ ತೆರೆಯಿತು. ತೋರುಬೆರಳು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

"ನಾಲ್ಕೂಕಾಲು," ಎಂದಳು.

ಆಗ ನಿಜವಾಗಿಯೂ ನಾಲ್ಕೂಕಾಲೇ. ಆದರೆ ವಾಚು ಒಂಬತ್ತು ಗಂಟೆ ತೋರಿಸುತ್ತಿತ್ತು. ನಮ್ಮಂಥವರು ವಾಚಿಗೆ ಕೀ ಕೊಟ್ಟು, ಅದು ಓಡುತ್ತದೆಯೇ ಎಂದು ನೋಡುತ್ತೇವೆ, ಟೈಮ್ ಹೊಂದಿಸುವ ಗೋಜಿಗೆ ಹೋಗುವುದಿಲ್ಲ. ಇದಕ್ಕೂ ಹಾಗೇ ಮಾಡಿದ್ದೆ. ಅಕ್ಕ ಓದಿರಲಿಲ್ಲ, ಅಂದಾಜಿನಲ್ಲಿ ಹೇಳಿದ್ದಳು.

"ಯಾಕೋ ಸುಮ್ಮನಾದೆ?" ಎಂದು ಕೇಳಿದಳು. ಹೇಳಿದೆ. ಅವಳ ಬೆರಳು ಡಯಲ್ಲಿನ ಮೇಲೆ ಹಾಗೇ ನಿಂತಿತು.

"ಶುಗರ್ ಕಣೋ. ಬೆರಳ ತುದಿಯಲ್ಲಿ ಜೋಮು ಹಿಡಿದಂಗಿರುತ್ತೆ. ಚುಕ್ಕೆ ಯಾವ್ದು, ಮುಳ್ಳು ಯಾವ್ದು, ಒಂದೂ ಗೊತ್ತಾಗಲ್ಲ. ಪುಸ್ತಕ ಓದೋದು ಬಿಟ್ಟೇ ಬಹಳ ದಿನ ಆಯ್ತು."

ನನಗೆ ಅಳು ಬಂತು, ಕೋಪವೂ ಬಂತು. "ಮತ್ತೆ ಮುಂಚೇನೇ ಯಾಕ್ ಹೇಳ್ಲಿಲ್ಲ? ನಾನು ಊರೆಲ್ಲ ಹುಡುಕ್ತಾ ಇದ್ನಲ್ಲ!"

"ಹೇಳಿದ್ರೆ ಹುಡುಕೋದು ಬಿಟ್ಬಿಡ್ತಿದ್ದೆ," ಎಂದಳು. "ಅಲ್ಲಿ ಹೋಗಿದ್ದೆ, ಇಲ್ಲಿ ಮೋಸ ಹೋದೆ ಅಂತ ಪ್ರತಿ ವಾರ ಬಂದು ಕೂರ್ತಿದ್ಯಲ್ಲ. ಅದೂ ನಿಂತ್ಹೋಗ್ತಿತ್ತು."

ಟೈಮ್ ಹೊಂದಿಸಿ, ಮುಚ್ಚಳ ಹಾಕಿ, ವಾಚನ್ನು ಅವಳ ಎಡಗೈಗೆ ಕಟ್ಟಿದೆ. ಅಬ್ಬಾ ಅವರ ಬೆಲ್ಟು ದೊಡ್ಡದು, ಕೊನೆಯ ತೂತಿಗೆ ಸಿಕ್ಕಿಸಿದರೂ ಅಕ್ಕನ ಸಣ್ಣ ಕೈಯಲ್ಲಿ ಬಳೆಯಂತೆ ಜಾರುತ್ತಿತ್ತು.

"ಸಣ್ಣ ಬೆಲ್ಟು ಹುಡುಕಿ ತರ್ತೀನಿ ಅಕ್ಕಾ," ಎಂದೆ.

ಅಕ್ಕ ನನ್ನ ಕೈ ಬಿಡಲಿಲ್ಲ. "ನಿಧಾನವಾಗಿ ಹುಡುಕು," ಎಂದಳು.