ಸುಳ್ಳು ಸುಳಿಗಳು

ಕಟ್ಟೆಮಳಲವಾಡಿಯ ಪ್ರಮೀಳಾ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ನೀರು ರಭಸದಿಂದ ನುಗ್ಗುವಾಗ ಯಾವ ಗಾತ್ರದ ಸುಳಿಯಲ್ಲಿ ಎಷ್ಟು ಶಕ್ತಿ ಇರುತ್ತದೆಂಬುದು ಅವಳ ವಿಷಯ. ಕಂಪ್ಯೂಟರು ಆ ಹರಿವನ್ನು ತುಂಡುತುಂಡಾಗಿ ಲೆಕ್ಕ ಹಾಕುತ್ತಿತ್ತು. ತುಂಡುಗಳು ಕೂಡುವ ಕಡೆ ಅಂಕಿಗಳು ತಟ್ಟನೆ ಜಿಗಿದು, ಇಲ್ಲದ ಸಣ್ಣ ಸುಳಿಗಳನ್ನು ತೋರಿಸುತ್ತಿದ್ದವು. ಆ ಜಿಗಿತಗಳನ್ನು ನಯಗೊಳಿಸುವ ಕೆಲಸವನ್ನು 2003ರ ಬೇಸಿಗೆಯಲ್ಲಿ ಅವಳು ಊರಿನ ಮನೆಗೇ ತಂದಿದ್ದಳು.

ಅಣ್ಣ ಶಿವಶಂಕರ್ ಅವಳನ್ನು ಕೇಳದೆ ಗಂಡಿನ ಕಡೆಯವರಿಗೆ ಮಾತು ಕೊಟ್ಟಿದ್ದ.

"ಈ ಕೆಲಸ ಮುಗೀಲಿ ಕಣಣ್ಣ, ಆಮೇಲೆ ನೋಡನ," ಎಂದಳು ಪ್ರಮೀಳಾ.

ಕೊಟ್ಟ ಮಾತು ತಪ್ಪುತ್ತದೆಂದು ಸಿಟ್ಟಿಗೆದ್ದ ಅವನು ಗುದ್ದಲಿ ಕಾವು ತಂದು ಕಂಪ್ಯೂಟರಿನ ಪರದೆ ಒಡೆದ. ಅಂಕಿಗಳೆಲ್ಲ ಇದ್ದ ಪಕ್ಕದ ಪೆಟ್ಟಿಗೆಗೂ ಬೀಸಿದಾಗ ಅವಳು ಅಡ್ಡ ಬಿದ್ದಳು. ಬಲಗೈ ಮೂಳೆ ಮುರಿದು ರಕ್ತ ಚಿಮ್ಮಿತು. ಅವನು ಕಾವನ್ನು ಮತ್ತೆ ಎತ್ತುವಷ್ಟರಲ್ಲಿ ತಾಯಿ ದೊಡ್ಡತಾಯಮ್ಮ ಒನಕೆಯಿಂದ ಅವನ ಮೊಣಕಾಲಿಗೆ ಬಾರಿಸಿ ಕೆಡವಿದಳು.

"ಇನ್ನೊಂದು ಏಟು ಆಕುದ್ರೆ ನಿನ್ ತಲೆ ಒಡೀತೀನಿ ಕಣ್ಲಾ," ಎಂದಳು.

ಠಾಣೆಯಲ್ಲಿ ಮಗನ ವಿರುದ್ಧ ಹೇಳಿಕೆ ಕೊಟ್ಟವಳೂ ಅವಳೇ. ಪೆಟ್ಟಿಗೆಯೊಳಗಿನ ಅಂಕಿಗಳು ಉಳಿದಿದ್ದವು. ಪ್ರಮೀಳಾ ಮೈಸೂರಿಗೆ ಹೋಗಿ ಎಡಗೈಯಲ್ಲೇ ಟೈಪು ಮಾಡಿ ಕೆಲಸ ಮುಗಿಸಿದಳು. ತುಂಡುಗಳ ಅಂಚುಗಳು ನಯವಾದ ಮೇಲೆ ಆ ಸಣ್ಣ ಸುಳಿಗಳು ಮಾಯವಾದವು. ಪದವಿ ಬಂತು. ಬಲಗೈ ಬೆರಳುಗಳನ್ನು ಮಾತ್ರ ಪೂರ್ತಿ ಮಡಚಲು ಆಗಲಿಲ್ಲ, ಅಣ್ಣನೊಡನೆ ಅವಳು ಮತ್ತೆ ಮಾತಾಡಲೂ ಇಲ್ಲ.